ಜಡಿಮಳೆಯಲ್ಲಿ ಕಟ್ಟಿ ಮೇಯಿಸುವ ದನ: ಹೊಟ್ಟೆ, ಗೊರಸು, ಗಂಟಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಕಟ್ಟಿದ ದನ ಹೊರಗೆ ಹೋಗುವುದೇ ಕಡಿಮೆ. ಹಿಂಡಿ, ಹುಲ್ಲು, ನೀರು ಎಲ್ಲವೂ ಕೊಟ್ಟಿಗೆಯಲ್ಲೇ. ಈ ತಿಂಗಳುಗಳಲ್ಲಿ ಮೇವು ಬಿಟ್ಟ ದನ ಕಂಡರೆ ಥಂಡಿ ಹಿಡಿದಿದೆ ಎಂದುಕೊಳ್ಳುವ ಮೊದಲು ಗೋದಲಿಯನ್ನೂ ನೆಲವನ್ನೂ ನೋಡಿ.

ಬೆಳಗ್ಗೆ ಹಿಂಡಿ ಹಾಕುವ ಮುಂಚೆಯೇ ಪರೀಕ್ಷೆ ಮುಗಿಯಬೇಕು. ಮೂಗಿನ ತುದಿ ಒದ್ದೆ ಇರಬೇಕು, ರಾತ್ರಿಯ ಹುಲ್ಲು ಖಾಲಿಯಾಗಿರಬೇಕು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಎರಡು ನಿಮಿಷ ನಿಲ್ಲಿ. ಹೊಟ್ಟೆ ಎರಡು ಮೂರು ಸಲ ಕೈಯನ್ನು ಹೊರಕ್ಕೆ ತಳ್ಳಿದರೆ ಸರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಸಗಣಿಯೊಳಗೆ ಹೂತುಕೊಳ್ಳದೆ ಕರುಳಿನ ಗೋಡೆಗೆ ತಾಗಬೇಕು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. 103 ದಾಟಿದರೆ ಜ್ವರ.

ಅತಿ ಹೆಚ್ಚು ಕಾಡುವುದು ಹುಳಿಹೊಟ್ಟೆ, ಅಂದರೆ ಆಸಿಡೋಸಿಸ್. ಕಾರಣ ಹೆಚ್ಚಾಗಿ ಮನೆಯದೇ: ಮದುವೆ ಊಟದಲ್ಲಿ ಉಳಿದ ಅನ್ನ, ಬಿಚ್ಚಿಟ್ಟ ಹಿಂಡಿ ಮೂಟೆ, ತೋಟದಲ್ಲಿ ಉದುರಿದ ಹಲಸಿನ ಹಣ್ಣು. ಹಗ್ಗ ಬಿಚ್ಚಿಕೊಂಡ ದನ ಹಲಸಿನ ಮರದ ಬುಡಕ್ಕೇ ಹೋಗುತ್ತದೆ. ಪಿಷ್ಟ, ಸಕ್ಕರೆ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಲ್ಯಾಕ್ಟಿಕ್ ಆಮ್ಲ ತುಂಬಿ, 6ರಿಂದ 7ರ ನಡುವೆ ಇರಬೇಕಾದ ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿಯುತ್ತದೆ, ನಾರು ಜೀರ್ಣಿಸುವ ಸೂಕ್ಷ್ಮಾಣುಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಸಗಣಿ ತೆಳ್ಳಗಾಗಿ ಹುಳಿ ನಾರುತ್ತದೆ, ಕಣ್ಣು ಗುಳಿ ಬೀಳುತ್ತದೆ. ಕುಡಿದವರಂತೆ ತೂರಾಡಲು ಶುರುವಾದರೆ ಸಮಯ ಮೀರುತ್ತಿದೆ ಎಂದೇ ಅರ್ಥ.

ತಕ್ಷಣ ಹಿಂಡಿ ನಿಲ್ಲಿಸಿ, ಒಣ ಭತ್ತದ ಹುಲ್ಲು ಮಾತ್ರ ಕೊಡಿ. ದೊಡ್ಡ ದನಕ್ಕೆ 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಗೊಟ್ಟದಲ್ಲಿ ನಿಧಾನ ಕುಡಿಸಿ, ಡಾಕ್ಟರಿಗೂ ಹೇಳಿಕಳಿಸಿ. ನಾಲಿಗೆ ಎಳೆದು ಹಿಡಿಯಬೇಡಿ, ಔಷಧಿ ಶ್ವಾಸನಾಳಕ್ಕೆ ಇಳಿಯುತ್ತದೆ. ಹೊಟ್ಟೆ ಆಗಲೇ ಉಬ್ಬಿದ್ದರೆ ಸೋಡಾ ಬೇಡ, ಅದು ಇನ್ನಷ್ಟು ಗ್ಯಾಸ್ ಮಾಡುತ್ತದೆ. ಬದುಕಿದ ದನ ಕೆಲವು ವಾರಗಳ ನಂತರ ಕುಂಟಲೂಬಹುದು. ಈ ಹುಳಿಯ ಪೆಟ್ಟು ಗೊರಸಿನ ಒಳಪದರಕ್ಕೂ ತಾಗುತ್ತದೆ.

ಹಿಂಡಿ ಹೆಚ್ಚಿಸುವುದಿದ್ದರೆ ಮೂರು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಹೆಚ್ಚಿಸಿ. ಮೊದಲು ಹುಲ್ಲು, ಆಮೇಲೆ ಹಿಂಡಿ. ಬೂಷ್ಟು ಹಿಡಿದ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಿ, ಒಣಗಿಸಿ ತಿನ್ನಿಸುವ ಆಸೆ ಬೇಡ.

ಹೊಟ್ಟೆ ಉಬ್ಬರದ ಗುರುತು ಬೇರೆ. ಹುಳಿಹೊಟ್ಟೆಯಲ್ಲಿ ಎಡಭಾಗ ಕಣಕದಂತೆ ಮೆತ್ತಗೆ, ಒತ್ತಿದರೆ ಬೆರಳಿನ ಗುಂಡಿ ಉಳಿಯುತ್ತದೆ. ಉಬ್ಬರದಲ್ಲಿ ಅದೇ ಜಾಗ ತಟ್ಟಿದರೆ ಡಂಡಂ ಎನ್ನುತ್ತದೆ. ಎಳೆಯ ದ್ವಿದಳ ಮೇವು ಹೆಚ್ಚಾದಾಗ ನೊರೆ ಉಬ್ಬರ ಬರುತ್ತದೆ. ಮುಂಗಾಲು ಎತ್ತರದ ಜಾಗದಲ್ಲಿ ಬರುವಂತೆ ನಿಲ್ಲಿಸಿ, 500 ಮಿಲಿ ಕಡಲೆಕಾಯಿ ಎಣ್ಣೆಗೆ 30 ಮಿಲಿ ಟರ್ಪೆಂಟೈನ್ ಬೆರೆಸಿ ಕುಡಿಸಿ. ಉಸಿರಾಟಕ್ಕೆ ಒದ್ದಾಡಿ ನಾಲಿಗೆ ಹೊರಚಾಚಿದರೆ ಕಾಯುವಂತಿಲ್ಲ. ಗ್ಯಾಸ್ ಬಿಡಿಸಲು ಹೊಟ್ಟೆಗೆ ತೂತು ಹೊಡೆಯುವುದು ಮಾತ್ರ ಡಾಕ್ಟರ್ ಕೆಲಸ.

ಇನ್ನು ಗೊರಸು. ಸಗಣಿ, ಗಂಜಲ, ಮಳೆನೀರಿನಲ್ಲೇ ನಿಂತ ಗೊರಸು ಮೆತ್ತಗಾಗಿ, ಸಂದಿಯ ಚರ್ಮ ಒಡೆದು ಕೊಳೆಯುತ್ತದೆ. ಔಷಧಿ ಇಲ್ಲಿ ಹತ್ತಿರದಲ್ಲೇ ಇದೆ: ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ (ಕಾಪರ್ ಸಲ್ಫೇಟ್). 20 ಲೀಟರ್ ನೀರಿಗೆ 1 ಕಿಲೋ, ಅಂದರೆ ಶೇಕಡ 5. ಕಬ್ಬಿಣದ ತೊಟ್ಟಿ ತುಕ್ಕು ಹಿಡಿದು ತೂತಾಗುತ್ತದೆ, ಪ್ಲಾಸ್ಟಿಕ್ ಟಬ್ ಸಾಕು. ಕಾಲು ತೊಳೆದ ಮೇಲೆಯೇ ಅದರಲ್ಲಿ ನಿಲ್ಲಿಸಿ, ಸಗಣಿ ಬಿದ್ದರೆ ದ್ರಾವಣ ಸತ್ವ ಕಳೆದುಕೊಳ್ಳುತ್ತದೆ. ಸುಣ್ಣ ಬೆರೆತ ಬೋರ್ಡೋ ಉಳಿಕೆ ಈ ಕೆಲಸಕ್ಕಾಗದು. ದನ ಟಬ್ಬಿನ ದ್ರಾವಣ ಕುಡಿಯದಂತೆ ನೋಡಿಕೊಳ್ಳಿ, ತೋಡಿಗೆ ಚೆಲ್ಲಬೇಡಿ. ಗೊರಸಿನ ಮೇಲ್ಭಾಗ ಊದಿ ಜ್ವರವೂ ಇದ್ದರೆ ಇದರಿಂದ ಗುಣವಾಗದು, ಆಂಟಿಬಯೋಟಿಕ್ ಬೇಕು.

ಗಳಲೆಯನ್ನೂ ಚಪ್ಪೆ ಬೇನೆಯನ್ನೂ ತಡೆಯಲು ಮೇ ತಿಂಗಳಲ್ಲೇ ಲಸಿಕೆ ಹಾಕಿಸಿ. ಮಳೆ ಹಿಡಿದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ಗಳಲೆಯಲ್ಲಿ ಗಂಟಲು ಊದಿ ಗೊರಗೊರ ಸದ್ದು ಬರುತ್ತದೆ, ಒಂದೆರಡು ದಿನದಲ್ಲೇ ಸಾವು. ಚಪ್ಪೆ ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷದ ಪುಷ್ಟಿಯಾದ ಕರುಗಳಿಗೆ: ತೊಡೆ ಊದಿ, ಒತ್ತಿದರೆ ಚರಚರ ಎನ್ನುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ಕೆಂಪು ಮೂತ್ರ ಕಂಡರೆ ಅದು ಉಣ್ಣೆ ಹುಳ ಹರಡುವ ರೋಗವಿರಬಹುದು, ಮೈಮೇಲೆ ಉಣ್ಣೆ ಹುಡುಕಿ, ಆದರೆ ರಕ್ತ ಪರೀಕ್ಷೆಗೆ ತಡಮಾಡಬೇಡಿ.

ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಲಾರಿಯಲ್ಲಿ ತಂದ ದನವನ್ನು 21 ದಿನ ಬೇರೆ ಕಡೆ ಕಟ್ಟಿ, ಬಕೆಟ್ಟೂ ಬೇರೆ ಇರಲಿ. ಪ್ರಯಾಣದ ಆಯಾಸ, ಚಳಿಮಳೆ ಸೇರಿ ಮೊದಲ ವಾರಗಳಲ್ಲೇ ಶ್ವಾಸಕೋಶಕ್ಕೆ ಸೋಂಕು ತಗಲುವುದು ಹೆಚ್ಚು. ಕೆಮ್ಮು, ಮೂಗಿನಲ್ಲಿ ಕೀವು, 104 ಡಿಗ್ರಿ ಜ್ವರ ಇದ್ದರೆ ಅದೇ ದಿನ ಚಿಕಿತ್ಸೆ ಆಗಬೇಕು. ಗಾಳಿ ತಡೆಯಲು ಟಾರ್ಪಾಲ್ ಕಟ್ಟುವಾಗ ಸೂರಿನಡಿ ಒಂದು ಅಡಿ ಬಿಡಿ, ಗಂಜಲದ ಘಾಟು ಹೊರಗೆ ಹೋಗಲಿ.

ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡುವಾಗ ಜ್ವರ ಎಷ್ಟು, ಕೊನೆಗೆ ಸಗಣಿ ಹಾಕಿದ್ದು ಯಾವಾಗ, ಹಿಂದಿನ ದಿನ ಏನು ತಿಂದಿತ್ತು, ಗಬ್ಬದ ದನವೇ ಎಂಬುದನ್ನು ಬರೆದಿಟ್ಟುಕೊಂಡು ಹೇಳಿ. ಹಲಸು ತಿಂದಿದ್ದರೆ ಮುಜುಗರಪಡದೆ ಅದನ್ನೂ ಹೇಳಿ.