ರಕ್ತದಲ್ಲಿ ವೈರಸ್ ಡಿಎನ್‌ಎ ಪರೀಕ್ಷೆ: ಕೆಡುವುದು ಟ್ಯೂಬಿನಲ್ಲೇ

ಕೆಲವು ಕ್ಯಾನ್ಸರುಗಳಲ್ಲಿ ಗಡ್ಡೆಯಿಂದ ರಕ್ತಕ್ಕೆ ಸೇರುವ ವೈರಸ್ ಡಿಎನ್‌ಎ ಹುಡುಕುವ ಪರೀಕ್ಷೆ ಇದು. ಮೊದಲು, ಯಾವ ಕ್ಯಾನ್ಸರಿನವರ ರಕ್ತ ಎಂಬುದು ಖಚಿತವಾಗಲಿ. ಮೂಗಿನ ಹಿಂಬದಿಯ ಗಂಟಲಿನ ಕ್ಯಾನ್ಸರಾದರೆ ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಹುಡುಕಬೇಕು. ಗರ್ಭಕಂಠ, ಟಾನ್ಸಿಲ್ ಭಾಗದ್ದಾದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ). ಅಡಿಕೆ, ತಂಬಾಕು ಜಗಿದು ಕೆನ್ನೆಯೊಳಗೆ ಏಳುವ ಕ್ಯಾನ್ಸರಿಗೆ ಸಾಮಾನ್ಯವಾಗಿ ವೈರಸ್ ಕಾರಣವಲ್ಲ. ಅದಕ್ಕೆ ಈ ಪರೀಕ್ಷೆ ಬರೆಸುವುದು ದುಡ್ಡು ದಂಡ.

ಇನ್ನು ರಕ್ತ ತೆಗೆಯುವುದು. ಮಲೆನಾಡಿನ ಸಿಬ್ಬಂದಿಗೆ ಮಂಗನ ಕಾಯಿಲೆಯ ಮಾದರಿ ಕಳಿಸಿ ರೂಢಿ: ಕೆಂಪು ಮುಚ್ಚಳದ ಟ್ಯೂಬು, ಸೀರಮ್ಮು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಐಸ್ ಡಬ್ಬಿ. ಇಲ್ಲಿ ಆ ರೂಢಿಯೇ ಶತ್ರು. ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣ ಒಡೆದು ತಮ್ಮ ಡಿಎನ್‌ಎ ಸುರಿಯುತ್ತವೆ. ಆರೋಗ್ಯವಂತರ ಬಿ-ಕಣಗಳಲ್ಲೂ (ಬಿಳಿ ರಕ್ತಕಣಗಳ ಒಂದು ಬಗೆ) ಇಬಿವಿ ಸುಮ್ಮನೆ ಅಡಗಿರುವುದರಿಂದ ಅದೂ ಜತೆಗೆ ಬಂದು ಸುಳ್ಳು ಪಾಸಿಟಿವ್ ಆಗಬಹುದು. ಹಸಿರು ಮುಚ್ಚಳದ್ದೂ ಬೇಡ, ಅದರಲ್ಲಿರುವ ಹೆಪಾರಿನ್ ಪಿಸಿಆರ್ ಅನ್ನೇ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 10 ಮಿ.ಲೀ. ತೆಗೆದು, 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬೇಡಿ. ಐಸ್ ಪ್ಯಾಕಿಗೆ ತಾಗಿಸಿಟ್ಟರೆ ರಕ್ತ ಮಂಜುಗಟ್ಟಿ, ಕಣ ಒಡೆದು ಪ್ಲಾಸ್ಮಾ (ರಕ್ತಕಣ ಬಿಟ್ಟ ದ್ರವಭಾಗ) ಕೆಂಪಾಗುತ್ತದೆ. ನಡುವೆ ಬಟ್ಟೆ ಇರಲಿ.

ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರೆಯಾಗಬೇಕು. ತೀರ್ಥಹಳ್ಳಿಯಲ್ಲಿ ತೆಗೆದದ್ದನ್ನು ಸಂಜೆ ಬಸ್ಸಿಗೆ ಹಾಕಿ, ಶಿವಮೊಗ್ಗದಲ್ಲಿ ಮರುದಿನ ಬಿಚ್ಚುವುದಾದರೆ ಕಳಿಸದಿರುವುದೇ ಲೇಸು. ದೂರದವರಿಗೆ ಕಣ ಒಡೆಯದಂತೆ ಕಾಯುವ ವಿಶೇಷ ಟ್ಯೂಬುಗಳಿವೆ: ದುಬಾರಿ, ಆದರೆ ಕೋಣೆಯ ತಾಪದಲ್ಲೇ ಕೆಲವು ದಿನ ತಡೆಯುತ್ತವೆ. ಅವನ್ನು ಫ್ರಿಜ್ಜಿಗೆ ಹಾಕಬೇಡಿ.

ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸಿ ಕಣ ಬೇರ್ಪಡಿಸುವ ಯಂತ್ರ) ಎರಡು ಸಲ ತಿರುಗಿಸಿ. ಮೊದಲು 1,600 ಜಿ, 10 ನಿಮಿಷ, ಬ್ರೇಕ್ ಇಲ್ಲದೆ. ಜಿ ಅಂದರೆ ಗುರುತ್ವದ ಎಷ್ಟು ಪಟ್ಟು ಬಲ ಎಂಬುದು, ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಲ್ಲ: ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ ಸುಮಾರು 3,100 ಆರ್‌ಪಿಎಂ ಬೇಕು. ಆಸೆಬುರುಕರಾಗಬೇಡಿ, ಬಿಳಿ ರಕ್ತಕಣಗಳ ಪದರದ ಮೇಲೆ ಅರ್ಧ ಸೆಂ.ಮೀ. ಪ್ಲಾಸ್ಮಾ ಬಿಟ್ಟೇ ಎಳೆಯಿರಿ. ಅದನ್ನು ಹೊಸ ಟ್ಯೂಬಿನಲ್ಲಿ 16,000 ಜಿ, ಮತ್ತೆ 10 ನಿಮಿಷ. ಎರಡನೇ ಸುತ್ತು ತಪ್ಪಿಸುವವರೇ ಹೆಚ್ಚು. ಉಳಿದ ಕಣಗಳು ಫ್ರೀಜರಿನಲ್ಲಿ ಒಡೆದಾಗ ಅದರ ಬೆಲೆ ಗೊತ್ತಾಗುತ್ತದೆ. ಮೈನಸ್ 80 ಡಿಗ್ರಿಯಲ್ಲಿ 1 ಮಿ.ಲೀ. ಭಾಗಗಳಾಗಿ ಇಡಿ. ಮಳೆಗಾಲದಲ್ಲಿ ಕರೆಂಟು ಹೋಗಿಬಂದು ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಬಳಸುವಂತಿಲ್ಲ.

ಡಿಎನ್‌ಎ ಬೇರ್ಪಡಿಸಲು ಪ್ಲಾಸ್ಮಾಕ್ಕೆಂದೇ ಇರುವ ಕಿಟ್ಟೇ ಬೇಕು. ಇಡೀ ರಕ್ತದ ಅಗ್ಗದ ಕಿಟ್ ಸಣ್ಣ ತುಣುಕುಗಳನ್ನು ಚೆಲ್ಲಿಬಿಡುತ್ತದೆ.

ಪಿಸಿಆರ್‌ಗೆ 100 ಬೇಸ್‌ಜೋಡಿಗಿಂತ (ಡಿಎನ್‌ಎ ಉದ್ದದ ಅಳತೆ) ಚಿಕ್ಕ ಗುರಿ ಆರಿಸಿ. ರಕ್ತದಲ್ಲಿ ತೇಲುವ ಡಿಎನ್‌ಎ 160ರ ಆಸುಪಾಸಿನ ಚೂರು ಅಥವಾ ಅದಕ್ಕೂ ಗಿಡ್ಡ. ಪ್ರತಿ ಸುತ್ತಿನಲ್ಲೂ ಮಾದರಿ ಇಲ್ಲದೆ ಬರೀ ನೀರು ಹಾಕಿದ ಒಂದು ಗುಳಿ, ಮನುಷ್ಯರ ಜೀನಿನದೊಂದು ಪರೀಕ್ಷೆ ಇರಲಿ. ಮನುಷ್ಯರ ಜೀನೇ ಕಾಣದಿದ್ದರೆ ಅದು ನೆಗೆಟಿವ್ ಅಲ್ಲ, ಮಾದರಿ ಕೆಟ್ಟಿದೆ ಎಂದರ್ಥ.

ಇಬಿವಿಯಲ್ಲಿ ಬಾಮ್‌ಎಚ್1-ಡಬ್ಲ್ಯು ಭಾಗ ಪ್ರತಿ ಜಿನೋಮಿನಲ್ಲೂ ಹಲವು ಸಲ ಮರುಕಳಿಸುತ್ತದೆ, ಇಬಿಎನ್‌ಎ1 ಎಂಬ ಜೀನು ಒಂದೇ ಸಲ. ಲ್ಯಾಬಿನಿಂದ ಲ್ಯಾಬಿಗೆ ಗುರಿ ಬೇರೆ ಇರಬಹುದು, ಹಾಗಾಗಿ ಎರಡು ಲ್ಯಾಬಿನ ಅಂಕಿಗಳನ್ನು ಹೋಲಿಸಬೇಡಿ. ಚಿಕಿತ್ಸೆಯ ಮೊದಲ ಮಾದರಿ ಎಲ್ಲಿ ಕೊಟ್ಟಿರೋ ನಂತರದವನ್ನೂ ಅಲ್ಲಿಗೇ ಕೊಡಿ.