ಲವ್ ಬರ್ಡ್ಸ್ ಮರಿ ಮಾಡಿದಾಗ ಹಾಲಿನ ಲೋಟ ದೂರವಿಡಿ

ಮರಿ ಮೊಟ್ಟೆಯೊಡೆದು ಬಂತು ಅಂದ ಕೂಡಲೇ ಮನೆಯವರ ಕೈ ಸುಮ್ನಿರುವುದಿಲ್ಲ. ಪಾಪ, ಹಸಿದಿದೆ ಅಂತ ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ಬಿಡುತ್ತಾರೆ. ಹಕ್ಕಿಗೆ ಹಾಲು ಅರಗುವುದಿಲ್ಲ. ಹೀಗೆ ಸತ್ತ ಮರಿಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾದ ಬಜರಿಗರ್. ನಾನು ಹೇಳುತ್ತಿರುವುದು ಗಿಡ್ಡ ಬಾಲ, ದಪ್ಪ ಕೊಕ್ಕಿನ ಆಫ್ರಿಕಾದ ಲವ್ ಬರ್ಡ್ ಬಗ್ಗೆ. ಎರಡನ್ನೂ ಒಂದೇ ಪಂಜರಕ್ಕೆ ಬಿಡಬೇಡಿ. ಲವ್ ಬರ್ಡ್ ಕಚ್ಚಿ ಬಜರಿಗರ್ ಕಾಲ್ಬೆರಳು ಕಳೆದುಕೊಳ್ಳಬಹುದು.

ಊಟ ಸುಲಭ. ನವಣೆ, ಸಜ್ಜೆ, ತೊಳೆದ ಕೊತ್ತಂಬರಿ ಸೊಪ್ಪು, ಕಚ್ಚಲು ಕಟಲ್ ಬೋನ್ (ಕಟಲ್ ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು). ಸೂರ್ಯಕಾಂತಿ ಬೀಜ ಕಡಿಮೆ ಇರಲಿ. ಬೆಣ್ಣೆಹಣ್ಣು ವಿಷ, ಚೂರೂ ಬೇಡ. ಪಂಜರ ಅಡುಗೆಮನೆಯಲ್ಲಿ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು.

ಗೂಡಿಗೆ ಮುಚ್ಚಳ ತೆಗೆಯಲು ಬರುವ ಮರದ ಪೆಟ್ಟಿಗೆಯೇ ಬೇಕು. ಅಂಗಡಿಯ ಮಡಕೆಯೊಳಗೆ ಏನಾಗಿದೆ ಅಂತ ಕಾಣುವುದೇ ಇಲ್ಲ. ಹಸಿ ತೆಂಗಿನ ಗರಿ ಹಾಕಿ. ಗುಲಾಬಿ ಮುಖದ ಲವ್ ಬರ್ಡ್ ಜಾತಿಯ ಹೆಣ್ಣು ಅದನ್ನು ಉದ್ದುದ್ದ ಸೀಳಿ, ಬೆನ್ನಿನ ಪುಕ್ಕದೊಳಗೆ ಸಿಕ್ಕಿಸಿಕೊಂಡು ಹೊತ್ತೊಯ್ಯುವುದನ್ನು ನೋಡಲೇಬೇಕು!

ದಿನ ಬಿಟ್ಟು ದಿನದಂತೆ 4ರಿಂದ 6 ಮೊಟ್ಟೆ. ಕಾವು ಸುಮಾರು 23 ದಿನ. ಮರಿಗಳೂ ಹಿಂದೆ ಮುಂದೆ ಹುಟ್ಟುತ್ತವೆ. ಕೊನೆಯ ಮರಿಗೆ ಅಣ್ಣಂದಿರ ಮಧ್ಯೆ ತುತ್ತು ಸಿಗದೇ ಹೋಗಬಹುದು. ಅದರ ಮೇಲೆ ಕಣ್ಣಿಡಿ.

ಕೈತುತ್ತು ಬೇಕೇ ಅಂತ ತಿಳಿಯಲು ಕತ್ತಿನ ಬುಡದ ಆಹಾರದ ಚೀಲ ನೋಡಿ. ತೆಳು ಚರ್ಮದಡಿ ಉಬ್ಬಿದ್ದರೆ ತಾಯಿ ಉಣಿಸುತ್ತಿದ್ದಾಳೆ. ಪೆಟ್ಟಿಗೆ ಮುಚ್ಚಿ ಹೋಗಿ. ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿದಾಗಲೂ ಖಾಲಿ ಇದ್ದು, ಮರಿ ತಣ್ಣಗಿದ್ದರೆ ಮಾತ್ರ ಕೈ ಹಾಕಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಊಟ. ತಣ್ಣಗಿನ ಮರಿಗೆ ಉಣಿಸಿದರೆ ಅರಗದೆ ಹುಳಿಯುತ್ತದೆ. 10 ದಿನದ, ಪುಕ್ಕವಿಲ್ಲದ ಮರಿಯ ಡಬ್ಬಿ 32-33 ಡಿಗ್ರಿ ಸೆಲ್ಸಿಯಸ್ ಇರಲಿ.

ಹಕ್ಕಿಮರಿಗಳಿಗೆಂದೇ ಸಿಗುವ ಪುಡಿ ತನ್ನಿ. ಮಕ್ಕಳ ಸೆರೆಲ್ಯಾಕ್ ಬೇಡ, ಅದರಲ್ಲೂ ಹಾಲಿದೆ. ಬಿಸಿನೀರಲ್ಲಿ ಕಲಸಿ. ಮೈಕ್ರೋವೇವ್ ಬೇಡ, ಒಳಗೆ ಅಲ್ಲಲ್ಲಿ ಸುಡುವ ಗಂಟು ಉಳಿಯುತ್ತದೆ. ಬೆರಳು ಅದ್ದಿ ನೋಡಿದರೆ ಸಾಲದು, ಥರ್ಮಾಮೀಟರ್ ಬೇಕು. 39-40 ಡಿಗ್ರಿ ಸರಿ. 43 ದಾಟಿದರೆ ಚೀಲದ ಗೋಡೆಯೇ ಸುಟ್ಟು ತೂತಾಗಬಹುದು.

ಸಿರಿಂಜ್ ಒತ್ತಿದರೆ ಗಂಜಿ ಶ್ವಾಸನಾಳಕ್ಕೆ ಹೋಗುವ ಭಯ ಜಾಸ್ತಿ. ಹೊಸಬರು ಚಮಚವನ್ನೇ ಹಿಡಿಯಿರಿ. ಟೀ ಚಮಚದ ಎರಡೂ ಅಂಚನ್ನು ಒಳಕ್ಕೆ ಬಾಗಿಸಿ, ಕೊಕ್ಕಿನ ತುದಿಗೆ ಹಿಡಿಯಿರಿ. ಮರಿ ತಲೆ ಅಲ್ಲಾಡಿಸುತ್ತಾ ತಾನೇ ನುಂಗಬೇಕು. ಅಲ್ಲಾಡಿಸುತ್ತಿಲ್ಲ ಅಂದರೆ ನಿಲ್ಲಿಸಿ. ಚೀಲ ಮೆತ್ತಗೆ ತುಂಬಿದರೆ ಸಾಕು, ಬಿಗಿಯಾಗಬಾರದು. ದಿನಕ್ಕೊಮ್ಮೆ, ಬೆಳಗಿನ ಜಾವದ ಹೊತ್ತಿಗೆ, ಅದು ಪೂರ್ತಿ ಖಾಲಿಯಾಗಲೇಬೇಕು. ಆಗದಿದ್ದರೆ ಮತ್ತೆ ತುಂಬಬೇಡಿ, ಹಕ್ಕಿ ನೋಡುವ ವೈದ್ಯರ ಹತ್ತಿರ ಒಯ್ಯಿರಿ.

ಸುಮಾರು 6 ವಾರಕ್ಕೆ ಮರಿಗಳು ಗೂಡು ಬಿಡುತ್ತವೆ. ಅಪ್ಪ ಇನ್ನೂ ಒಂದೆರಡು ವಾರ ಉಣಿಸುತ್ತಾನೆ. ಕೈಯಲ್ಲಿ ಉಣಿಸಿದರೆ ಮಾತ್ರ ಹಚ್ಚಿಕೊಳ್ಳುತ್ತದೆ ಅಂತ ಕಣ್ಣು ಬಿಟ್ಟ ಮರಿಯನ್ನೇ ಮಾರುವವರಿದ್ದಾರೆ. ಕೊಳ್ಳಬೇಡಿ. ತಾನೇ ಕಾಳು ಸುಲಿದು ತಿನ್ನುವ ಮರಿಗೆ ದಿನಾ ಹತ್ತು ನಿಮಿಷ ಕೈಯಿಂದ ನವಣೆ ತೆನೆ ತಿನ್ನಿಸಿ. ಅದೂ ಭುಜದ ಮೇಲೆ ಬಂದು ಕೂರುತ್ತದೆ.