ಫ್ರಾನ್ಸಿನ ಕಡಲತೀರದಲ್ಲಿ ವಿಶೇಷ ರಾತ್ರಿಯೂಟ: ರೆಸ್ಟೊರೆಂಟ್ ಆರಿಸುವ ಬಗೆ

ಮದುವೆಯ ವಾರ್ಷಿಕೋತ್ಸವಕ್ಕೋ ಅಪ್ಪನ ಅರವತ್ತಕ್ಕೋ ಫ್ರಾನ್ಸಿನ ಕಡಲತೀರದಲ್ಲಿ ಒಂದು ಒಳ್ಳೆಯ ಊಟ ಮಾಡಬೇಕೆಂದು ಹೊರಟವರು ಮೊದಲು ಹುಡುಕುವುದು ಕಡಲು ಕಾಣುವ ಟೇಬಲ್ಲನ್ನು. ಆಮೇಲೆ ಮಿಶೆಲಿನ್ ಎಂಬ ರೆಸ್ಟೊರೆಂಟ್ ಕೈಪಿಡಿ ಕೊಡುವ ನಕ್ಷತ್ರ, ರೇಟಿಂಗ್. ಏನು ತಿನ್ನಬೇಕೆಂಬ ಯೋಚನೆ ಬರುವುದು ಕೊನೆಗೆ, ಕುರ್ಚಿಯಲ್ಲಿ ಕೂತ ಮೇಲೆ. ಈ ಕ್ರಮವನ್ನು ತಿರುವುಮುರುವು ಮಾಡಿ. ಹಳೆಯ ಶೈಲಿಯ ಒಳ್ಳೆಯ ಮೀನೂಟದ ಮನೆಗಳು ಒಂದೆರಡು ತಿನಿಸಿಗೇ ಹೆಸರಾದವು. ಆ ತಿನಿಸಿಗೆ ತನ್ನದೇ ಕರಾವಳಿ ಇದೆ, ತನ್ನದೇ ಋತು ಇದೆ. ತಿನಿಸು ನಿಶ್ಚಯವಾದರೆ ಊರು ತಾನಾಗಿ ಗೊತ್ತಾಗುತ್ತದೆ, ಊರು ಗೊತ್ತಾದರೆ ಉಳಿಯುವುದು ನಾಲ್ಕೈದು ಹೆಸರು ಮಾತ್ರ.

ಯಾವ ಕರಾವಳಿಗೆ ಯಾವ ಊಟ

ದಕ್ಷಿಣದ ಬಂದರು ಮಾರ್ಸೇಯ್‌ ಎಂದರೆ ಬುಯಾಬೇಸ್. ಬಂಡೆಗಳ ನಡುವಿನ ಮೀನುಗಳನ್ನು ಕೇಸರಿ, ಫೆನೆಲ್, ಟೊಮೇಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಜೊತೆ ಬೇಯಿಸಿದ ಸಾರು. ಪ್ರವಾಸಿಗರಿಗೆ ನಕಲಿ ಸಾರು ಮಾರುವವರು ಹೆಚ್ಚಾದಾಗ ಊರಿನ ಕೆಲವು ರೆಸ್ಟೊರೆಂಟಿನವರು ಸೇರಿ 1980ರಲ್ಲಿ ಒಂದು ಕರಾರುಪತ್ರ ಬರೆದುಕೊಂಡರು. ರಸ್ಕಾಸ್, ಗ್ರೋಂದಾಂ, ಸಾಂ-ಪಿಯೇರ್, ಬೋದ್ರ್ವಾ, ವೀವ್, ಕೋಂಗ್ರ್ ಮುಂತಾದ ಪಟ್ಟಿಯಿಂದ ಕನಿಷ್ಠ ನಾಲ್ಕು ಬಗೆಯ ಮೀನು ಇರಬೇಕು, ಸಾರು ಮತ್ತು ಮೀನು ಬೇರೆ ಬೇರೆ ಪಾತ್ರೆಯಲ್ಲಿ ಬರಬೇಕು, ಮೀನನ್ನು ಗಿರಾಕಿಯ ಎದುರೇ ಬಿಡಿಸಬೇಕು ಎಂಬುದು ಅದರ ತಿರುಳು. ನೀವು ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೇ. ಒಳ್ಳೆಯ ಮನೆಗಳು 24ರಿಂದ 48 ಗಂಟೆ ಮೊದಲೇ ಹೇಳಿಡಿ ಎನ್ನುತ್ತವೆ, ಹೆಚ್ಚಿನ ಕಡೆ ಇಬ್ಬರಿಗಿಂತ ಕಡಿಮೆ ಜನಕ್ಕೆ ಮಾಡುವುದೂ ಇಲ್ಲ. ಬೆಲೆ ತಲೆಗೆ 70ರಿಂದ 100 ಯೂರೊ. ಹಳೆ ಬಂದರಿನ ದಂಡೆಯಲ್ಲಿ ‘ಈಗಲೇ ಬನ್ನಿ, 30 ಯೂರೊ’ ಎಂದು ಹಲಗೆ ಹಾಕಿದ್ದರೆ ಅದು ನಾಲ್ಕು ತುಂಡು ತೇಲಿಬಿಟ್ಟ ಮೀನಿನ ಸೂಪು ಅಷ್ಟೇ. ಸಂಪ್ರದಾಯದ ರೀತಿಯಲ್ಲೇ ತಿನ್ನಬೇಕೆಂದರೆ ವಾಲೋಂ ದೆಸ್ ಓಫ್ ಎಂಬ ಪುಟ್ಟ ದೋಣಿ ಬಂದರಿನಲ್ಲಿರುವ ಶೆ ಫೋನ್‌ಫೋನ್ ಹಳೆಯ ಹೆಸರು. ಬುಯಾಬೇಸ್ ಇರುವ ದಿನ ಸ್ಟಾರ್ಟರ್ ಬೇಡ. ಬೆಳ್ಳುಳ್ಳಿ ಉಜ್ಜಿದ ಒಣರೊಟ್ಟಿಗೆ ರೂಯಿ ಎಂಬ ಖಾರದ ಸಾಸು ಸವರಿ ಸಾರಿನಲ್ಲಿ ಅದ್ದಿಕೊಂಡು ಒಂದು ತಟ್ಟೆ ಮುಗಿಸುವಷ್ಟರಲ್ಲೇ ಅರ್ಧ ಹೊಟ್ಟೆ ತುಂಬಿರುತ್ತದೆ, ಮೀನು ಆಮೇಲೆ ಬರುತ್ತದೆ.

ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿಗೆ ಹೋದರೆ ಐಸಿನ ಮೇಲೆ ಜೋಡಿಸಿದ ಚಿಪ್ಪುಗಳ ದೊಡ್ಡ ತಟ್ಟೆ, ಅಂದರೆ ಪ್ಲಾತೋ ದ ಫ್ರ್ವಿ ದ ಮೇರ್. ಆಯ್‌ಸ್ಟರ್ ಎಂಬ ಸಿಂಪಿ, ಏಡಿ, ಲಾಂಗುಸ್ತೀನ್ ಎಂಬ ಪುಟ್ಟ ಲಾಬ್‌ಸ್ಟರ್, ಸಿಗಡಿ, ಬ್ಯುಲೋ ಎಂಬ ಶಂಖದ ಹುಳು, ಜೊತೆಗೆ ರೈ ಬ್ರೆಡ್ಡು, ಉಪ್ಪು ಬೆಣ್ಣೆ, ಈರುಳ್ಳಿ ಜಾತಿಯ ಶಾಲೋಟ್ ಹಾಕಿದ ವಿನೆಗರ್. ಇದರಲ್ಲಿ ಅಡುಗೆಯವರ ಕೈಚಳಕ ಕಡಿಮೆ, ಸರಕಿನ ತಾಜಾತನವೇ ಎಲ್ಲ. ಬಿಡಿಸಿ ತಿನ್ನಲು ಒಂದೂವರೆ ಗಂಟೆ ಬೇಕು, ಕೈಯೆಲ್ಲ ಒದ್ದೆ. ರೇಷ್ಮೆ ಸೀರೆ ಉಟ್ಟು ಹೋಗುವ ಸಂಜೆಗೆ ಇದು ಒಗ್ಗುವುದಿಲ್ಲ. ಅಂಥ ಸಂಜೆಗೆ ಬ್ರಿಟನಿಯ ನೀಲಿ ಲಾಬ್‌ಸ್ಟರ್ ಲೇಸು. ಕೆನಡಾದಿಂದ ಬರುವುದು ಬೇರೆಯೇ ಜಾತಿ, ಬೆಲೆಯೂ ಬಹಳ ಕಡಿಮೆ. ಹಾಗಾಗಿ ಪಟ್ಟಿಯಲ್ಲಿ ಬರೀ ‘ಓಮಾರ್’, ಅಂದರೆ ಲಾಬ್‌ಸ್ಟರ್ ಎಂದಿದ್ದರೆ ಎಲ್ಲಿಯದು ಎಂದು ಕೇಳಲೇಬೇಕು.

ನಾರ್ಮಂಡಿಯ ಹೆಮ್ಮೆ ಸೋಲ್ ಮ್ಯೂನಿಯೆರ್. ಸೋಲ್ ಎಂಬುದು ನಮ್ಮ ಮಂಗಳೂರು ಕಡೆಯ ನಂಗು ಮೀನಿನ ದೂರದ ನೆಂಟ, ಮಾಂಸ ಮಾತ್ರ ಇನ್ನೂ ದಪ್ಪ. ಹಿಟ್ಟು ಸವರಿ ಬೆಣ್ಣೆಯಲ್ಲಿ ಕರಿದು, ನಿಂಬೆರಸ, ಪಾರ್ಸ್ಲಿ ಹಾಕಿ ಇಡೀ ಮೀನನ್ನೇ ತರುತ್ತಾರೆ. ಟೇಬಲ್ಲಿನ ಪಕ್ಕದ ಪುಟ್ಟ ಗಾಡಿಯ ಮೇಲೆ ಎರಡು ಚಮಚದಲ್ಲಿ ಮುಳ್ಳು ಬಿಡಿಸಿಕೊಡುವವರು ಇರುವ ಮನೆಯನ್ನೇ ಆರಿಸಿ. ಕ್ಲಾಸಿಕ್ ಎಂಬ ಮಾತಿಗೆ ಅರ್ಥ ಉಳಿದಿರುವುದು ಇಂಥ ಕೆಲಸದಲ್ಲಿ. ಮೀನಿನ ತೂಕ ತಲೆಗೆ 400 ಗ್ರಾಂ ಆದರೂ ಇರಲಿ. 250 ಗ್ರಾಮಿನ ಸೋಲ್ ಬೆಂಕಿಗೆ ಬಿದ್ದರೆ ಬೆಣ್ಣೆ ಕೆಂಪಾಗುವ ಮೊದಲೇ ಮೀನು ಒಣಗಿರುತ್ತದೆ.

ತಿಂಗಳು ನೋಡಿಕೊಳ್ಳಿ

ಫ್ರಾನ್ಸಿನಲ್ಲಿ ಸಾಂ-ಜಾಕ್ ಸ್ಕಾಲಪ್ ಎಂಬ ಚಿಪ್ಪುಜೀವಿಯನ್ನು ಹಿಡಿಯಲು ಅನುಮತಿ ಅಕ್ಟೋಬರ್ 1ರಿಂದ ಮೇ 15ರವರೆಗೆ ಮಾತ್ರ. ಜುಲೈಯಲ್ಲಿ ಪಟ್ಟಿಯಲ್ಲಿದ್ದರೆ ಅದು ಫ್ರೀಜರಿನದ್ದು ಅಥವಾ ಹೊರದೇಶದ್ದು. ಮೇಯಿಂದ ಆಗಸ್ಟ್‌ವರೆಗೆ ಆಯ್‌ಸ್ಟರ್‌ಗಳು ಮೊಟ್ಟೆ ಕಟ್ಟಿ ಹಾಲಿನಂತಾಗುತ್ತವೆ, ಕೆಲವರಿಗಷ್ಟೇ ಹಿಡಿಸುತ್ತದೆ. ಮೊಟ್ಟೆ ಕಟ್ಟದ ಟ್ರಿಪ್ಲಾಯ್ಡ್ ತಳಿ ವರ್ಷವಿಡೀ ಸಿಗುತ್ತದೆ. ಆಯ್‌ಸ್ಟರ್‌ನ ನಂಬರು ದೊಡ್ಡದಾದಷ್ಟೂ ಚಿಪ್ಪು ಚಿಕ್ಕದು. ನಂಬರ್ 3 ಎಂದರೆ 66ರಿಂದ 85 ಗ್ರಾಂ, ಮೊದಲ ಸಲ ತಿನ್ನುವವರಿಗೆ ಅದಕ್ಕಿಂತ ದೊಡ್ಡ ಚಿಪ್ಪು ಬೇಡ. ಭಾನುವಾರ ಮೀನಿನ ಹರಾಜು ಸಾಮಾನ್ಯವಾಗಿ ನಡೆಯುವುದಿಲ್ಲ, ಅದಕ್ಕೇ ಎಷ್ಟೋ ಒಳ್ಳೆಯ ಮನೆಗಳು ಭಾನುವಾರ ರಾತ್ರಿ, ಸೋಮವಾರ ಬಾಗಿಲು ಹಾಕುತ್ತವೆ. ವಿಶೇಷ ದಿನವೇ ಸೋಮವಾರ ಬಿದ್ದರೆ ಊಟವನ್ನು ಒಂದೆರಡು ದಿನ ಮುಂದೂಡಿ. ಜನವರಿಯಲ್ಲಿ ವಾರಗಟ್ಟಲೆ ಮುಚ್ಚುವವರೂ ಇದ್ದಾರೆ.

ಬೆಲೆಪಟ್ಟಿ ಓದುವುದು

ಬೆಲೆಪಟ್ಟಿಯನ್ನು ಹೊರಗೆ ಕಾಣುವಂತೆ ಹಾಕಬೇಕೆಂದು ಅಲ್ಲಿ ಕಾನೂನೇ ಇದೆ. ಆದ್ದರಿಂದ ಹಗಲು ಹೊತ್ತಿನಲ್ಲಿ ಒಮ್ಮೆ ನಡೆದು ಹೋಗಿ ಬಾಗಿಲ ಬಳಿ ಎರಡು ನಿಮಿಷ ನಿಲ್ಲಿ. ಇಪ್ಪತ್ತೈದು ಮೀನಿನ ಅಡುಗೆಗಳ ಉದ್ದ ಪಟ್ಟಿ, ಆರು ಭಾಷೆ, ತಿಂಡಿಯ ಫೋಟೊ, ಬುಯಾಬೇಸ್ ಪಕ್ಕದಲ್ಲೇ ಸ್ಪೇನಿನ ಅನ್ನದ ಅಡುಗೆ ಪಾಯೆಲ್ಲಾ ಮತ್ತು ಪಿಜ್ಜಾ, ಕೈಹಿಡಿದು ಒಳಗೆ ಕರೆಯುವ ಹುಡುಗ: ಇದರಲ್ಲಿ ಎರಡು ಕಂಡರೂ ಮುಂದೆ ನಡೆಯಿರಿ. ಪಟ್ಟಿ ಒಂದೇ ಪುಟದ್ದಾಗಿ, ಮೀನಿನ ಎದುರು ‘ಸೆಲೋಂ ಆರಿವಾಜ್’, ಅಂದರೆ ಬಂದ ಸರಕಿನ ಮೇಲೆ ಎಂದು ಬರೆದಿದ್ದರೆ ಶುಭಸೂಚನೆ. ಸಮುದ್ರದ ಮೀನಿಗೆ ‘ಸೊವಾಜ್’ ಎಂದೂ ಸಾಕಿದ್ದಕ್ಕೆ ‘ಎಲ್‌ವಾಜ್’ ಎಂದೂ ಬರೆಯುತ್ತಾರೆ. ಎರಡೂ ಇಲ್ಲದಿದ್ದರೆ ಸಾಕಿದ್ದೆಂದೇ ತಿಳಿಯುವುದು ಜಾಣತನ. ಅಟ್ಲಾಂಟಿಕ್ ಕಡೆ ‘ಬಾರ್’, ಮೆಡಿಟರೇನಿಯನ್ ಕಡೆ ‘ಲು’ ಎನ್ನುವುದು ಒಂದೇ ಮೀನು. ಅಪರೂಪದ್ದು ಎಂದು ಎರಡೂ ಊರಲ್ಲಿ ದುಡ್ಡು ಸುರಿಯಬೇಡಿ.

ಬಿಲ್ಲಿನಲ್ಲಿ ಪೆಟ್ಟು ಬೀಳುವುದು ಒಂದು ಸಣ್ಣ ಅಕ್ಷರದಲ್ಲಿ: 100 ಗ್ರಾಮಿಗೆ ಬೆಲೆ. ಇಡೀ ಮೀನು, ಲಾಬ್‌ಸ್ಟರ್ ಎರಡಕ್ಕೂ ಹೀಗೆ ಬರೆಯುವುದು ರೂಢಿ. 12 ಯೂರೊ ಎಂದು ಕಂಡ ಮೀನು 1.2 ಕಿಲೊ ತೂಗಿದರೆ 144 ಯೂರೊ. ಆ ತೂಕ ತಲೆ, ಮುಳ್ಳು ಎಲ್ಲ ಸೇರಿದ ಹಸಿ ತೂಕ. ಲು ಮೀನಿನಲ್ಲಿ ತಟ್ಟೆಗೆ ಬರುವ ಮಾಂಸ ಅದರಲ್ಲಿ ಅರ್ಧದಷ್ಟು, ದೊಡ್ಡ ತಲೆಯ ಸಾಂ-ಪಿಯೇರ್‌ನಲ್ಲಿ ಮೂರನೇ ಒಂದರಷ್ಟು. ಇಬ್ಬರಿಗೆ 800 ಗ್ರಾಮಿನಿಂದ ಒಂದು ಕಿಲೊ ಸಾಕು. ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಕಣ್ಣು ಉಬ್ಬಿ ತಿಳಿಯಾಗಿದೆಯೇ, ಕಿವಿರು ಕೆಂಪಗಿದೆಯೇ ನೋಡಿ, ತೂಕ ಮತ್ತು ಒಟ್ಟು ಬೆಲೆ ಕೇಳಿ, ಆಮೇಲೆ ತಲೆಯಾಡಿಸಿ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಬಿಳಿ ಮೇಜುಬಟ್ಟೆ ಕಂಡ ಕೂಡಲೇ ಕೇಳಲು ಸಂಕೋಚಪಡುವವರು ಬಹಳ.

ಬೆಲೆಯಲ್ಲಿ ಸರ್ವೀಸ್ ಸೇರಿಯೇ ಇರುತ್ತದೆ. ಜಗ್ಗಿನ ನೀರು, ಬ್ರೆಡ್ಡು ಊಟದ ಜೊತೆ ಬಿಟ್ಟಿ. ಟಿಪ್ಸ್ ಕಡ್ಡಾಯವಲ್ಲ, ಮೆಚ್ಚಿದರೆ ಕೆಲವು ಯೂರೊ ಇಟ್ಟರೆ ಸಾಕು.

ನಕ್ಷತ್ರದ ಮಾತು

ಮಿಶೆಲಿನ್ ನಕ್ಷತ್ರ ತಟ್ಟೆಯಲ್ಲಿರುವುದಕ್ಕೆ ಮಾತ್ರ. ಕಿಟಕಿಗೂ ಕುರ್ಚಿಗೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚು ನಕ್ಷತ್ರ ಬಂದಷ್ಟೂ ಅಡುಗೆ ಕ್ಲಾಸಿಕ್‌ನಿಂದ ದೂರ ಸರಿಯುವುದೇ ಹೆಚ್ಚು. ಮಾರ್ಸೇಯ್‌ನ ಲ ಪೆತಿ ನೀಸ್ ರೆಸ್ಟೊರೆಂಟ್ 2008ರಲ್ಲಿ ಮೂರು ನಕ್ಷತ್ರ ಪಡೆಯಿತು. ಅಲ್ಲಿ ಬಾಣಸಿಗ ಜೆರಾಲ್ ಪಸೆದಾ ಬುಯಾಬೇಸನ್ನೇ ಬಿಡಿಬಿಡಿ ಮಾಡಿ ಹಲವು ಹಂತಗಳಲ್ಲಿ ಬಡಿಸುತ್ತಾರೆ. ಅದ್ಭುತ ಊಟ, ಆದರೆ ಇಡೀ ಮೀನು ತಂದು ಎದುರಿಗೆ ಬಿಡಿಸುವ ಹಳೆಯ ವೈಭವವನ್ನು ನೆನೆದು ಹೋದವರಿಗೆ ಅದು ಬೇರೆಯೇ ಅನುಭವ. ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೆ ನಕ್ಷತ್ರವಿಲ್ಲದ ಅಥವಾ ಒಂದೇ ನಕ್ಷತ್ರದ ಹಳೆ ಮನೆಯೇ ಮೇಲು. ಹತ್ತು ಹಂತದ ಊಟ ಮೂರೂವರೆ ಗಂಟೆ ಹಿಡಿಯುತ್ತದೆ, ಏಳನೆಯ ತಟ್ಟೆಗೇ ಹಿರಿಯರು ಗಡಿಯಾರ ನೋಡತೊಡಗುತ್ತಾರೆ.

ಈಗ ಕಿಟಕಿಗೆ ಬರೋಣ

ಸೂರ್ಯಾಸ್ತ ಕಾಣಬೇಕೆಂದರೆ ದಿಕ್ಕು ನೋಡಿ. ಬ್ರಿಟನಿಯ ಕಾನ್ಕಾಲ್ ಬಂದರಿನ ಮುಖ ಪೂರ್ವಕ್ಕೆ, ಅಲ್ಲಿ ಸೂರ್ಯ ಕಡಲಿಗೆ ಇಳಿಯುವುದಿಲ್ಲ. ದಕ್ಷಿಣದ ನೀಸ್ ಊರಿನಲ್ಲಿ ಬೇಸಿಗೆಯ ಸೂರ್ಯ ನೆಲದ ಹಿಂದೆ ಮುಳುಗುತ್ತಾನೆ. ಮಾರ್ಸೇಯ್‌ನ ಕೊರ್ನಿಶ್ ರಸ್ತೆ, ಬ್ರಿಟನಿಯ ಸಾಂ-ಮಾಲೋ ಊರಿನ ಸಿಯೋಂ ತೀರ ಸರಿಯಾದ ಕಡೆಗಿವೆ. ಜೂನ್ ಕೊನೆಯಲ್ಲಿ ಸೂರ್ಯಾಸ್ತ ಮಾರ್ಸೇಯ್‌ನಲ್ಲಿ ರಾತ್ರಿ 9.20ರ ಸುಮಾರಿಗೆ, ಸಾಂ-ಮಾಲೋದಲ್ಲಿ 10 ಗಂಟೆ ದಾಟಿದ ಮೇಲೆ. 7.30ರ ಟೇಬಲ್ ಹಿಡಿದರೆ ಮುಖದ ಮೇಲೆ ಬಿಸಿಲು, 8.15 ಹಿತ. ಡಿಸೆಂಬರಿನಲ್ಲಿ ಐದೂವರೆಗೇ ಕತ್ತಲು. ರಾತ್ರಿಯೂಟದ ಹೊತ್ತಿಗೆ ಆ ದುಬಾರಿ ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ. ಚಳಿಗಾಲದಲ್ಲಿ ಮಧ್ಯಾಹ್ನದ ಊಟವನ್ನೇ ಹಬ್ಬ ಮಾಡಿ. ಅದೇ ಅಡುಗೆಮನೆಯ ಮಧ್ಯಾಹ್ನದ ಮೆನ್ಯು ಎಷ್ಟೋ ಕಡೆ ರಾತ್ರಿಗಿಂತ ಅಗ್ಗ.

ಬ್ರಿಟನಿಯ ಉತ್ತರ ದಂಡೆಯಲ್ಲಿ ಭರತ-ಇಳಿತದ ಲೆಕ್ಕವನ್ನೂ ನೋಡಬೇಕು. ಸಾಂ-ಮಾಲೋದಲ್ಲಿ ನೀರಿನ ಮಟ್ಟ ಹನ್ನೆರಡು ಮೀಟರಿನವರೆಗೂ ಏರಿಳಿಯುತ್ತದೆ. ಇಳಿತದಲ್ಲಿ ಕೂತರೆ ಕಾಣುವುದು ಮರಳು ಮತ್ತು ಬಂಡೆ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನದಲ್ಲಿ ಅಲ್ಲಿ ಭರತ ರಾತ್ರಿಯೂಟದ ಹೊತ್ತಿಗೇ ಬರುತ್ತದೆ, ಅಲೆಗಳ ಜೋರೂ ಆಗಲೇ. ಪಂಚಾಂಗ ನೋಡಿ ದಿನ ಹಿಡಿಯುವುದು ನಮಗೆ ಹೊಸದಲ್ಲ. ಮಾರ್ಸೇಯ್‌ನಲ್ಲಿ ಈ ತಾಪತ್ರಯವಿಲ್ಲ, ಆದರೆ ಮಿಸ್ತ್ರಾಲ್ ಗಾಳಿ ಬೀಸಿದರೆ ಹೊರಗಿನ ಟೇಬಲ್ಲಿನಲ್ಲಿ ಕೂರಲಾಗದು. ಒಳಗಿನ ಕಿಟಕಿಯ ಸಾಲನ್ನೇ ಕೇಳಿ.

ಕಾಯ್ದಿರಿಸುವಾಗ

ಜುಲೈ-ಆಗಸ್ಟ್‌ಗೆ ಒಂದೂವರೆ ತಿಂಗಳು ಮೊದಲು, ಉಳಿದಂತೆ ಎರಡು ವಾರ ಸಾಕು. ಜುಲೈ 14, ಆಗಸ್ಟ್ 15 ರಜಾದಿನಗಳು, ನೂಕುನುಗ್ಗಲು. ಸಂದರ್ಭವೇನೆಂದು ಬರೆಯಿರಿ. ಮುಂದಿನ ಸಾಲಿನ ಟೇಬಲ್ ಬೇಕೆಂದು ಸ್ಪಷ್ಟವಾಗಿ ಕೇಳಿ, ಉತ್ತರವನ್ನು ಇಮೇಲಿನಲ್ಲೇ ಪಡೆಯಿರಿ. ಕಾರ್ಡಿನ ನಂಬರು ಕೇಳಿದರೆ ಅದು ಬಾರದವರಿಗೆ ದಂಡ ಹಾಕಲು, ಎಷ್ಟು ಗಂಟೆ ಮೊದಲು ರದ್ದುಮಾಡಬಹುದೆಂದು ನೋಡಿಕೊಳ್ಳಿ. ಮುಂಗಡ ಕೇಳಿದರೆ ರಶೀದಿಯಲ್ಲಿ ‘ಆರ್’ ಎಂದಿದೆಯೋ ‘ಅಕೋಂತ್’ ಎಂದಿದೆಯೋ ಗಮನಿಸಿ. ‘ಆರ್’ ಆದರೆ ನೀವು ರದ್ದುಮಾಡಿದಾಗ ಆ ಹಣ ಮಾತ್ರ ಹೋಗುತ್ತದೆ, ಅವರೇ ರದ್ದುಮಾಡಿದರೆ ಎರಡರಷ್ಟು ಕೊಡಬೇಕು. ‘ಅಕೋಂತ್’ ಆದರೆ ಇಬ್ಬರಿಗೂ ಮಾತು ತಪ್ಪುವಂತಿಲ್ಲ. ಉಡುಪಿನ ಚಿಂತೆ ಹೆಚ್ಚು ಬೇಡ, ಚಡ್ಡಿ-ಚಪ್ಪಲಿ ಬಿಟ್ಟರೆ ಸಾಕು.

ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೆ ಇದೇ ಇಮೇಲಿನಲ್ಲಿ ಹೇಳಬೇಕು, ಅದೂ ಬಿಡಿಸಿ. ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ತರಕಾರಿ ಬರುತ್ತದೆ, ಅದರ ಕೆಳಗಿನ ಸಾಸು ಮೀನಿನ ಮುಳ್ಳು ಕುದಿಸಿದ ರಸದ್ದೋ ಕರುವಿನ ಮೂಳೆಯದ್ದೋ ಆಗಿರುತ್ತದೆ. ಮಾಂಸ, ಮೀನು, ಅವುಗಳ ಸಾರು, ಜೆಲಟಿನ್ ಬೇಡ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಪಟ್ಟಿಮಾಡಿ. ಕಾಮಾಂಬೇರ್‌ನಂಥ ಹಳೆಯ ಚೀಸುಗಳನ್ನು ಹೆಪ್ಪುಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಕಟ್ಟುನಿಟ್ಟಿನವರು ಚೀಸ್ ಗಾಡಿಯನ್ನು ಮುಂದೆ ಕಳಿಸುವುದೇ ಸರಿ. ಇಷ್ಟೆಲ್ಲ ಹೇಳಿದರೂ ಮೀನೇ ಜೀವಾಳವಾದ ಮನೆಯಲ್ಲಿ ಸಸ್ಯಾಹಾರಿಗೆ ಅದೇ ಬೆಲೆಗೆ ಸಪ್ಪೆ ಊಟವೇ ಸಿಗುವ ಸಂಭವ ಹೆಚ್ಚು. ಅರ್ಧಕ್ಕರ್ಧ ಜನ ಸಸ್ಯಾಹಾರಿಗಳಾದರೆ ಇಂಥ ರೆಸ್ಟೊರೆಂಟೇ ಬೇಡ. ಅಲರ್ಜಿ ಇದ್ದವರು ಧೈರ್ಯವಾಗಿ ಕೇಳಿ. ಚಿಪ್ಪುಜೀವಿ, ಸಿಗಡಿ-ಏಡಿ, ಮೀನು ಸೇರಿ 14 ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಬರಹದಲ್ಲಿ ಇಟ್ಟಿರಬೇಕೆಂಬ ನಿಯಮವಿದೆ.

ಕೂತ ಮೇಲೆ

ಸೂಫ್ಲೆ ಎಂಬ ಉಬ್ಬಿದ ಸಿಹಿ ಬೇಕಿದ್ದರೆ ಊಟದ ಮೊದಲೇ ಹೇಳಿ, ಹೊತ್ತು ಹಿಡಿಯುತ್ತದೆ. ವೈನ್ ಪಟ್ಟಿ ಕಂಡು ಗಾಬರಿಬೀಳಬೇಡಿ. ಆಯ್‌ಸ್ಟರಿಗೆ ಮ್ಯುಸ್ಕಾದೆ ಎಂಬ ಬಿಳಿ ವೈನ್, ಬುಯಾಬೇಸಿಗೆ ಪಕ್ಕದೂರಿನ ಕಾಸಿಸ್‌ನ ಬಿಳಿ ವೈನ್ ಒಗ್ಗುತ್ತವೆ. ಬಜೆಟ್ಟನ್ನು ಸೊಮೆಲಿಯೇಗೆ, ಅಂದರೆ ವೈನ್ ಆರಿಸಿಕೊಡುವವರಿಗೆ, ಬಾಯಿಬಿಟ್ಟು ಹೇಳಲು ಮುಜುಗರವಾದರೆ ಪಟ್ಟಿಯಲ್ಲಿ ಒಂದು ಬೆಲೆಯ ಮೇಲೆ ಬೆರಳಿಟ್ಟು ‘ಇಂಥದ್ದು’ ಎನ್ನಿ, ಅರ್ಥವಾಗುತ್ತದೆ. ಇಬ್ಬರಿಗೆ ಬುಯಾಬೇಸ್, ಒಂದು ಸಾಧಾರಣ ಬಾಟಲಿ, ಸಿಹಿ, ಕಾಫಿ ಸೇರಿ 230ರಿಂದ 280 ಯೂರೊ ಹಿಡಿದಿಟ್ಟುಕೊಳ್ಳಿ. ನೀವು ಕೇಳುವವರೆಗೆ ಬಿಲ್ ಬರುವುದಿಲ್ಲ, ಎಬ್ಬಿಸಿದಂತೆ ಆಗಬಾರದೆಂಬ ಮರ್ಯಾದೆ ಅದು. ವಾಲೋಂ ದೆಸ್ ಓಫ್‌ನಂಥ ಇಕ್ಕಟ್ಟಿನ ಜಾಗದಲ್ಲಿ ಕಾರು ನಿಲ್ಲಿಸಲು ಸ್ಥಳ ಸಿಗುವುದು ಕಷ್ಟ. ಕಾಫಿ ಹೇಳುವಾಗಲೇ ಟ್ಯಾಕ್ಸಿಯನ್ನೂ ಕರೆಸಲು ಹೇಳಿಬಿಡಿ.